ಎರಡನೇ ವರ್ಷವೂ ಮನೆಯಲ್ಲೇ ಪೆರ್ನಾಲ್

2021ರ ರಮಝಾನ್‌ನಲ್ಲಿ ಒಂದು ದಿನ ಇಫ್ತಾರ್ ಮುಗಿದು ಮಗ್ರಿಬ್ ನಮಾಝ್ ಆದ ಮೇಲೆ ಕಾರ್ಕಳದಿಂದ ಮಾಮಿಯ ಫೋನ್ ಬಂತು. ಸಲಾಂ ಆಯ್ತು, ಆರೋಗ್ಯ ವಿಚಾರಣೆ ಆಯ್ತು, ಮಳೆ ಬಂತಾ ಅಲ್ಲಿ ಅಂತ ಕೇಳಿದ್ದೂ ಆಯ್ತು. ಆಮೇಲೆ ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟರು: “ಮೋನೆ, ಪೆರ್ನಾಲ್‌ಗೆ ಈ ಸಲವಾದರೂ ಬರ್ತೀರೋ ಇಲ್ಲವೋ?”

ಪೆರ್ನಾಲಿನ ಮರುದಿನ ಕಾಪುವಿನಿಂದ ಕಾರ್ಕಳಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ನನಗೆ ಬುದ್ಧಿ ಬಂದಂದಿನಿಂದ ತಪ್ಪಿದ್ದಿಲ್ಲ. ಪಡುಬಿದ್ರಿ, ಬೆಳ್ಮಣ್, ನಿಟ್ಟೆ ದಾಟಿ ಮಾಮಿಯ ಮನೆ ತಲುಪುವ ಹೊತ್ತಿಗೆ ನೈಚೋರಿನ ಪರಿಮಳ ಗೇಟಿಗೇ ಬಂದಿರುತ್ತದೆ. ಮೂರು ತಲೆಮಾರು, ಮೂವತ್ತೈದು ಮಂದಿ, ಒಂದೇ ಹಾಲ್. ಮಕ್ಕಳಿಗೆ ಪೆರ್ನಾಲ್ ಕಾಸು. 2020ರಲ್ಲಿ ಮೊದಲ ಬಾರಿ ತಪ್ಪಿತು. ಈ ವರ್ಷವೂ ಇಲ್ಲ ಅಂತ ಹೇಳುವುದು ಸುಲಭವಾಗಲಿಲ್ಲ. ಮಾಮಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ ಉಂಟು. “ಇನ್ನೊಂದು ಪೆರ್ನಾಲ್ ನನಗೆ ಸಿಗ್ತದೋ ಇಲ್ಲವೋ” ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಹೋಗದಿರಲು ಕಾರಣವೂ ಅದೇ ಮಾತಿನಲ್ಲಿತ್ತು.

ಆ ವರ್ಷ ಮಂಗಳವಾರ ಚಂದ್ರದರ್ಶನವಾದರೆ ಬುಧವಾರ, ಇಲ್ಲದಿದ್ದರೆ ಮೂವತ್ತು ಉಪವಾಸ ಪೂರ್ಣಗೊಳಿಸಿ ಗುರುವಾರ ಈದುಲ್ ಫಿತ್ರ್ ಎಂದಿತ್ತು. 2021ರ ಮೇ 10ರ ಬೆಳಗ್ಗೆ 6 ಗಂಟೆಯಿಂದ ಮೇ 24ರವರೆಗೆ ರಾಜ್ಯವಿಡೀ ಲಾಕ್‌ಡೌನ್ ಇತ್ತು. ದಿನಸಿ, ಹಾಲು, ಮೀನು, ಮಾಂಸಕ್ಕೆ ಬೆಳಗ್ಗೆ 6ರಿಂದ 10 ಗಂಟೆವರೆಗೆ ಮಾತ್ರ ಅವಕಾಶವಿತ್ತು. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಫ್ಯಾನ್ಸಿ ಅಂಗಡಿ ಎಲ್ಲವೂ ಬಂದ್ ಆಗಿದ್ದವು. ಮಸೀದಿಗಳಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲದೆ ಆಗಲೇ ಎರಡು ವಾರ ದಾಟಿತ್ತು. ಮದುವೆಗೆ 50 ಮಂದಿ, ಅಂತ್ಯಸಂಸ್ಕಾರಕ್ಕೆ 5 ಮಂದಿ ಎಂಬ ಮಿತಿ ಇತ್ತು. 2021ರ ಮೇ 5ರ ಬುಧವಾರ ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣ. ನಮ್ಮ ಉಡುಪಿ ಜಿಲ್ಲೆಯಲ್ಲೂ ದಿನದ ಲೆಕ್ಕ ಸಾವಿರ ದಾಟಿದ್ದನ್ನು ಕಂಡೆವು. ಹನ್ನೊಂದು ಮುಕ್ಕಾಲು ಲಕ್ಷ ಜನರ ಪುಟ್ಟ ಜಿಲ್ಲೆಗೆ ಇದು ಸಣ್ಣ ಸಂಖ್ಯೆಯಲ್ಲ ಮಾರಾಯ್ರೆ.

2020ರಲ್ಲಿ ಹೇಗಿತ್ತು?

ನೆನಪಿರಬಹುದು, 2020ರ ಮಾರ್ಚ್ 25ರಂದು ಜಿಲ್ಲೆಯ ಮೊದಲ ಕೊರೋನ ಪ್ರಕರಣ ವರದಿಯಾಯಿತು. ನಾಲ್ಕೈದು ದಿನದೊಳಗೆ ಮೂರಾಯಿತು. ಮೂವರೂ ಗುಣಮುಖರಾದರು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್‌ಗೆಂದೇ ಮೀಸಲಿಟ್ಟರು. ಆಮೇಲೆ ಒಂದೂವರೆ ತಿಂಗಳು ಹೊಸ ಪ್ರಕರಣವೇ ಇಲ್ಲ; ಕೇಂದ್ರದ ಪಟ್ಟಿಯಲ್ಲಿ ಉಡುಪಿ ಹಸಿರು ವಲಯ. ನಾವೆಲ್ಲ ‘ನಮ್ಮ ಊರಿಗೆ ಬರುವುದಿಲ್ಲ’ ಎಂದುಕೊಂಡೆವು.

ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಬಂತು. ಕೆಲಸ ಕಳಕೊಂಡವರು, ಗರ್ಭಿಣಿಯರು, ವಿಸಿಟ್ ವೀಸಾ ಮುಗಿದವರು, ಎಲ್ಲರೂ ಅದರಲ್ಲಿದ್ದರು. ಮೇ 15ರಂದು ಆ ವಿಮಾನದಲ್ಲಿ ಬಂದವರ ಪೈಕಿ ದಕ್ಷಿಣ ಕನ್ನಡದಲ್ಲಿ 15, ಉಡುಪಿಯಲ್ಲಿ 5 ಮಂದಿಗೆ ಸೋಂಕು ದೃಢವಾಯಿತು. ಆದರೆ ಅವರು ವಿಮಾನದಿಂದ ಇಳಿದು ನೇರ ಮನೆಗೆ ಹೋಗಿರಲಿಲ್ಲ, ಕ್ವಾರಂಟೈನ್‌ನಲ್ಲಿದ್ದರು. ಊರಿನೊಳಗೆ ಹರಡದಂತೆ ತಡೆದದ್ದು ಅದೊಂದೇ ವ್ಯವಸ್ಥೆ. ಅನಂತರ ಮಹಾರಾಷ್ಟ್ರದಿಂದ ನಮ್ಮ ಹೊಟೇಲ್ ಕಾರ್ಮಿಕರು, ವ್ಯಾಪಾರಿಗಳು ಸಾವಿರಗಟ್ಟಲೆ ಬಂದರು. ಜೂನ್ 5ರಂದು ರಾಜ್ಯದ 515 ಹೊಸ ಪ್ರಕರಣಗಳಲ್ಲಿ 204 ಉಡುಪಿಯದ್ದೇ. ಹಸಿರು ವಲಯ ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬರಲು ಒಂದು ತಿಂಗಳು ಸಾಕಾಯಿತು.

ಇವೆರಡರ ನಡುವೆ ಬಂದದ್ದು ಪೆರ್ನಾಲ್. ಕರಾವಳಿಯಲ್ಲಿ ಮೇ 24, ಭಾನುವಾರ. ರಾಜ್ಯದಲ್ಲಿ ಭಾನುವಾರಗಳಿಗೆ ಸಂಪೂರ್ಣ ಲಾಕ್‌ಡೌನ್ ಇದ್ದ ದಿನವೇ. ತರಾವೀಹ್ ಇಲ್ಲದ ರಮಝಾನ್, ಈದ್‌ಗಾಹ್ ಇಲ್ಲದ ಪೆರ್ನಾಲ್, ನಮ್ಮ ಹಿರಿಯರಲ್ಲಿ ಯಾರಿಗೂ ಅಂಥದ್ದು ಕಂಡ ನೆನಪಿಲ್ಲ. ‘ಈ ಸಲ ಹೊಸ ಬಟ್ಟೆ ಬೇಡ, ಆ ದುಡ್ಡು ಕಷ್ಟದಲ್ಲಿರುವವರಿಗೆ’ ಎಂಬ ಕರೆ ವಾಟ್ಸ್‌ಆಪ್‌ನಲ್ಲಿ ಹರಿದಾಡಿತು. ಆಶ್ಚರ್ಯ ಅಂದರೆ ಬಹಳ ಮನೆಗಳಲ್ಲಿ ಅದನ್ನು ಪಾಲಿಸಿದರು. ನಮ್ಮ ಮನೆಯಲ್ಲಿ ನಾನೇ ಇಮಾಂ ಆಗಿ ನಿಂತೆ. ಮೊದಲ ರಕಅತ್‌ನಲ್ಲಿ ಏಳು ತಕ್ಬೀರ್, ಎರಡನೆಯದರಲ್ಲಿ ಐದು ಅಂತ ಗೊತ್ತಿದ್ದರೂ ಐದನೆಯ ತಕ್ಬೀರಿಗೆ ಬೆರಳು ಮಡಚುತ್ತಾ ಲೆಕ್ಕ ತಪ್ಪಿತು. ಹಿಂದಿನ ಸಾಲಿನಲ್ಲಿದ್ದ ಉಮ್ಮ ಮೆಲ್ಲ ಕೆಮ್ಮಿದರು. ಅಲ್ಲಿಗೆ ನೆನಪಾಯಿತು.

ಆಗ ನಾವು ಹೆದರಿದ್ದೆವು, ರೋಗ ಇನ್ನೂ ದೂರದಲ್ಲಿತ್ತು. 2021ರಲ್ಲಿ ರೋಗ ಪಕ್ಕದ ಮನೆಯಲ್ಲಿ ಇತ್ತು, ಹೆದರಿಕೆ ಕಡಿಮೆಯಾಗಿತ್ತು. ನನಗೆ ಚಿಂತೆ ಇದ್ದದ್ದು ಇದರ ಬಗ್ಗೆಯೇ.

ಒಂದು ಇಫ್ತಾರ್, ಒಂಬತ್ತು ಮಂದಿ

2021ರ ರಮಝಾನ್‌ನ ಮೊದಲ ವಾರ ಮಸೀದಿಗಳು ತೆರೆದೇ ಇದ್ದವು. ಮಾಸ್ಕ್, ಅಂತರ, ಮನೆಯಿಂದ ಮುಸಲ್ಲಾ, ವುಝೂ ಮನೆಯಲ್ಲೇ ಎಂಬ ನಿಯಮಗಳಿದ್ದವು. ಹೆಚ್ಚಿನ ಜಮಾಅತ್‌ಗಳು ಶಿಸ್ತಿನಿಂದಲೇ ನಡೆಸಿದವು ಎನ್ನಬೇಕು. ಎಡವಿದ್ದು ಮನೆಗಳಲ್ಲಿ. ನನ್ನ ಪರಿಚಯದ ಒಂದು ಕುಟುಂಬದ ಕಥೆ ಹೇಳುತ್ತೇನೆ. ಹೆಸರು, ಊರು ಬೇಡ. ನೋಂಬು ತುರಪ್ಪಿಗೆಂದು ಹೆಣ್ಣಿನ ಮನೆಯವರು ಪುದಿಯಾಪ್ಲೆಯ ಮನೆಯವರನ್ನು ಕರೆದರು. ಹೊಸ ಸಂಬಂಧ, ಕರೆಯದೆ ಇರುವ ಹಾಗಿಲ್ಲ. ಬಂದವರಲ್ಲಿ ಒಬ್ಬರಿಗೆ ಹಿಂದಿನ ದಿನದಿಂದ ಗಂಟಲು ಕೆರೆತ. ‘ಐಸ್ ಹಾಕಿದ ಜ್ಯೂಸ್ ಕುಡಿದದ್ದು’ ಅಂದರು. ಮಳೆಯ ಹನಿ ಅಂತ ಕಿಟಕಿ ಮುಚ್ಚಿ, ಹಾಲ್‌ನ ಎಸಿ ಹಾಕಿ, ಸುತ್ತ ಕುಳಿತು ತಿಂದು, ಮಗ್ರಿಬ್ ಅಲ್ಲೇ ಜಮಾಅತ್ ಆಗಿ, ಮತ್ತೆ ಊಟ. ಎರಡೂವರೆ ಗಂಟೆ. ವಾರದೊಳಗೆ ಎರಡೂ ಮನೆ ಸೇರಿ ಒಂಬತ್ತು ಮಂದಿಗೆ ಪಾಸಿಟಿವ್. ಎಂಟು ಮಂದಿ ಮನೆಯಲ್ಲೇ ಸುಧಾರಿಸಿದರು. ಒಬ್ಬರು, ಎಲ್ಲರಿಗಿಂತ ಕಡಿಮೆ ಮಾತಾಡಿ ಮೂಲೆಯಲ್ಲಿ ಕುಳಿತಿದ್ದ ಅಜ್ಜ, ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ದಫನಕ್ಕೆ ಐವರು.

ಆ ಮನೆಯಲ್ಲಿ ಯಾರೂ ಕೆಟ್ಟದ್ದು ಮಾಡಿಲ್ಲ. ಅತಿಥಿಯನ್ನು ಆದರಿಸುವುದು ನಮ್ಮ ಒಳ್ಳೆಯ ಗುಣ. ಈ ವೈರಸ್ ಬದುಕುವುದು ಆ ಒಳ್ಳೆಯ ಗುಣದ ಮೇಲೆಯೇ.

ಇದು ಹೇಗೆ ಹರಡುತ್ತದೆ ಎಂಬ ಬಗ್ಗೆ ಒಂದು ವರ್ಷದಲ್ಲಿ ತಿಳುವಳಿಕೆ ಬದಲಾಗಿದೆ, ಅದನ್ನು ತಿಳಿದುಕೊಂಡರೆ ಉಳಿದ ಜಾಗ್ರತೆಗಳು ತಾನಾಗಿ ಅರ್ಥವಾಗುತ್ತವೆ. ಮೊದಮೊದಲು ನಾವು ತರಕಾರಿ ತೊಳೆದೆವು, ನೋಟಿಗೆ ಸ್ಯಾನಿಟೈಸರ್ ಹಾಕಿದೆವು. ಕೈ ತೊಳೆಯುವುದು ಈಗಲೂ ಬೇಕು. ಆದರೆ ಮುಖ್ಯ ದಾರಿ ಉಸಿರು. ಸೋಂಕಿತರು ಕೆಮ್ಮಬೇಕೆಂದೇ ಇಲ್ಲ. ಮಾತಾಡುವಾಗ, ಜೋರಾಗಿ ಓದುವಾಗ, ನಗುವಾಗ ಬಾಯಿಯಿಂದ ಹೊರಡುವ ಅತಿ ಸಣ್ಣ ಕಣಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯ ಹಾಗೆ ನಿಲ್ಲುತ್ತವೆ. ಒಂದು ಕೋಣೆಯಲ್ಲಿ ಯಾರಾದರೂ ಬೀಡಿ ಸೇದಿದರೆ ಆ ಮೂಲೆಯಲ್ಲಿದ್ದವರಿಗೂ ವಾಸನೆ ಬರುತ್ತದಲ್ಲ, ಹಾಗೆ. ಅಂಗಳದಲ್ಲಿ ಸೇದಿದರೆ ಅಷ್ಟಾಗಿ ಬರುವುದಿಲ್ಲ. ಎಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ತಿರುಗಿಸುತ್ತದೆ. ರೋಗಲಕ್ಷಣ ಕಾಣಿಸುವ ಎರಡು ದಿನ ಮೊದಲೇ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಹುದು ಎಂಬುದು ಇದರ ದೊಡ್ಡ ಕುತಂತ್ರ. ‘ನನಗೆ ಏನೂ ಇಲ್ಲ’ ಎನ್ನುವವರ ಮಾತು ಪ್ರಾಮಾಣಿಕವೇ ಆಗಿರಬಹುದು, ಆದರೂ ಸಾಲದು.

2021ರ ಮಾರ್ಚ್‌ನಲ್ಲಿ ಮಣಿಪಾಲದ ಎಂಐಟಿ ಕ್ಯಾಂಪಸ್ ಕಂಟೈನ್‌ಮೆಂಟ್ ವಲಯವಾದದ್ದನ್ನು ನೋಡಿದೆವು. ಓದಿದವರು, ಯುವಕರು, ಒಳ್ಳೆಯ ಆಸ್ಪತ್ರೆ ಪಕ್ಕದಲ್ಲೇ ಇದ್ದವರು. ಹಾಸ್ಟೆಲ್ ಎಂದರೆ ಒಟ್ಟಿಗೆ ಮಲಗುವುದು, ಒಟ್ಟಿಗೆ ಉಣ್ಣುವುದು. ನಮ್ಮ ಕೂಡುಕುಟುಂಬದ ಮನೆಗಳೂ ಅದರಿಂದ ಏನು ಭಿನ್ನ?

ಹಾಗಾದರೆ ಪೆರ್ನಾಲ್ ದಿನ ಏನು ಮಾಡುವುದು?

ಮೊದಲು ನಮಾಝ್. ಈದ್ ನಮಾಝ್ ಮನೆಯಲ್ಲಿ ನಿರ್ವಹಿಸಲು ಉಲಮಾಗಳು 2020ರಲ್ಲೇ ತಿಳಿಸಿಕೊಟ್ಟಿದ್ದಾರೆ, ಒಬ್ಬಂಟಿಯಾಗಿಯೂ ಆಗುತ್ತದೆ. ಆದರೆ ‘ಮನೆಯಲ್ಲಿ’ ಎಂದರೆ ಅದೇ ಮನೆಯಲ್ಲಿ ವಾಸಿಸುವವರು ಮಾತ್ರ. 2020ರಲ್ಲಿ ಒಂದೆರಡು ಕಡೆ ದೊಡ್ಡ ಮನೆಯ ಟೆರೇಸಿನಲ್ಲಿ ನೆರೆಕರೆಯವರು ನಲುವತ್ತು ಮಂದಿ ಸೇರಿದ್ದನ್ನು ಕೇಳಿದ್ದೇನೆ. ಅದು ಮಸೀದಿಗೆ ಬೀಗ ಹಾಕಿ ಇನ್ನೊಂದು ಮಸೀದಿ ತೆರೆದ ಹಾಗೆ. ಮುಸಾಫಹ, ಆಲಿಂಗನ ಈ ಸಲವೂ ಬೇಡ. ಸಲಾಂ ಬಾಯಲ್ಲಿ ಹೇಳಿದರೆ ಅದರ ಪ್ರತಿಫಲ ಎಲ್ಲಿಗೂ ಹೋಗುವುದಿಲ್ಲ.

ಖಬರ್ ಝಿಯಾರತ್‌ಗೆ ಹೋಗುವ ರೂಢಿ ಇರುವವರು, 2021ರಲ್ಲಿ ಹೊಸ ಖಬರ್‌ಗಳು ಹೆಚ್ಚೇ ಇದ್ದವು, ಮನಸ್ಸು ಎಳೆಯುತ್ತಿತ್ತು. ಮನೆಯಿಂದಲೇ ಯಾಸೀನ್ ಓದಿ ದುಆ ಮಾಡಬಹುದು.

ಫಿತ್ರ್ ಝಕಾತ್ ವಿಷಯದಲ್ಲಿ ಜಮಾಅತ್ ಕಮಿಟಿಯವರು ಸ್ವಲ್ಪ ಮುಂದಾಗಿ ಯೋಚಿಸಬೇಕು. ನಮ್ಮ ಕಡೆ ಅಕ್ಕಿ ಕೊಡುವುದು. ಕಡೆಯ ರಾತ್ರಿ ಮದ್ರಸದ ಅಂಗಳದಲ್ಲಿ ತಕ್ಕಡಿ ಇಟ್ಟು, ಕೊಡುವವರೂ ಪಡೆಯುವವರೂ ಒಂದೇ ಕಡೆ ನೂಕುನುಗ್ಗಲು. ಪೆರ್ನಾಲ್ ಬೆಳಗಾಗುವ ಮೊದಲು ಮುಟ್ಟಿಸಬೇಕೆಂಬ ಅವಸರ ಇರುವುದು ನಿಜ, ಆದರೆ ರಮಝಾನ್ ತಿಂಗಳಲ್ಲಿ ಮುಂಚಿತವಾಗಿ ಕೊಡಲು ಶಾಫಿಈ ಮದ್‌ಹಬ್‌ನಲ್ಲಿ ಅವಕಾಶ ಇದೆ ಎಂದು ಉಸ್ತಾದರುಗಳು ಹೇಳುತ್ತಾರೆ. ಹಾಗಿದ್ದರೆ ಇವತ್ತೇ, ನಾಳೆಯೇ ಮಾಡಬಹುದಲ್ಲ? ಒಂದೊಂದು ಗಲ್ಲಿಗೆ ಇಬ್ಬರು ಹುಡುಗರು, ಮಾಸ್ಕ್ ಹಾಕಿ, ಬೆಳಗ್ಗೆ ಹತ್ತರ ಒಳಗೆ ಗೇಟಿನಲ್ಲಿ ಚೀಲ ಇಟ್ಟು ಬರಬಹುದು. ಲೈನಿನಲ್ಲಿ ನಿಲ್ಲಲು ನಾಚುವ ಮನೆಗಳಿಗೂ ಅದರಿಂದ ಅನುಕೂಲ. 2021ರಲ್ಲಿ ಹಾಗೆ ನಾಚುವ ಮನೆಗಳು ಜಾಸ್ತಿ ಇದ್ದವು. ರಿಕ್ಷಾ ಓಡಿಸುವವರು, ಬಸ್ಸಿನ ಕಂಡಕ್ಟರ್‌ಗಳು, ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗಳು, ಮಲ್ಪೆಯಲ್ಲಿ ಮೀನು ಲೋಡ್ ಮಾಡುವವರು. 2020ರಲ್ಲಿ ಕೊಟ್ಟವರೇ 2021ರಲ್ಲಿ ಪಡೆಯುವ ಸ್ಥಿತಿಗೆ ಬಂದಿದ್ದರು.

ಮಾಂಸದ ಅಂಗಡಿಯ ಮುಂದೆ ಪೆರ್ನಾಲ್ ಬೆಳಗ್ಗಿನ ನಾಲ್ಕು ಗಂಟೆಗಳಲ್ಲಿ ಏನಾಗಬಹುದೆಂದು ಊಹಿಸಿ. ಅಂಗಡಿಯವರೇ ಮುಂಗಡ ಆರ್ಡರ್ ತೆಗೆದುಕೊಂಡು ಸಮಯ ಕೊಟ್ಟರೆ ಒಳ್ಳೆಯದು. ನೆರೆಕರೆಯ ಐದು ಮನೆಗೆ ಒಬ್ಬರೇ ಹೋಗಿ ತರಲಿ. ಇದೊಂದು ಕೆಲಸಕ್ಕೆ ನಮ್ಮ ವಾಟ್ಸ್‌ಆಪ್ ಗ್ರೂಪ್‌ಗಳು ಉಪಯೋಗಕ್ಕೆ ಬರಲಿ, ಬೆಳ್ಳುಳ್ಳಿ ತಿಂದರೆ ಕೊರೋನ ಬರುವುದಿಲ್ಲ ಎಂದು ಫಾರ್ವರ್ಡ್ ಮಾಡುವುದಕ್ಕಿಂತ.

ಮಾಸ್ಕ್ ಬಗ್ಗೆ ಒಂದೇ ಮಾತು: ಗಲ್ಲಕ್ಕೆ ಹಾಕಿದರೆ ಗಲ್ಲಕ್ಕೆ ಕೊರೋನ ಬರುವುದಿಲ್ಲ. 2021ರಲ್ಲಿ ಸರ್ಜಿಕಲ್ ಮಾಸ್ಕ್ ಮೇಲೆ ಬಟ್ಟೆಯ ಮಾಸ್ಕ್ ಹಾಕಲು ಹೇಳುತ್ತಿದ್ದರು, ಬದಿಯಿಂದ ಗಾಳಿ ನುಗ್ಗದ ಹಾಗೆ. ಬುರ್ಖಾದ ನಿಖಾಬ್ ಮಾಸ್ಕ್ ಆಗುವುದಿಲ್ಲ, ಅದರ ಒಳಗೆ ಮಾಸ್ಕ್ ಬೇಕು.

ಮಣಿಪಾಲ ಕಂಡುಕೊಟ್ಟ ಇನ್ನೊಂದು ರಮಝಾನ್

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ವೈರಸ್ ಮತ್ತು ರಮಝಾನ್ ನಮ್ಮ ಭಾಗದಲ್ಲಿ ಒಟ್ಟಿಗೆ ಬಂದದ್ದು ಇದೇ ಮೊದಲಲ್ಲ. 2018ರ ಮೇ ತಿಂಗಳು, ಆ ವರ್ಷದ ಉಪವಾಸ ಆರಂಭವಾದ ವಾರ. ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಒಂದೇ ಕುಟುಂಬದವರು ವಿಚಿತ್ರ ಜ್ವರದಿಂದ ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ವೈದ್ಯರಿಗೆ ಸಂಶಯ ಬಂದು ಮಾದರಿಗಳನ್ನು ಕಳಿಸಿದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ಅದು ನಿಫಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ.

ಆ ರಮಝಾನ್‌ನಲ್ಲಿ ನಮ್ಮಲ್ಲಿ ಬಹಳ ಮಂದಿ ಹಣ್ಣು ತಿನ್ನುವುದನ್ನೇ ಬಿಟ್ಟಿದ್ದರು. ಬಾವಲಿ ಕಚ್ಚಿದ ಮಾವು ಅಂತ ಹೆದರಿ ಇಫ್ತಾರ್ ತಟ್ಟೆಯಲ್ಲಿ ಖರ್ಜೂರ ಮಾತ್ರ. ನಿಜವಾಗಿ ಆ ಕಂತಿನಲ್ಲಿ ರೋಗ ಹೆಚ್ಚಾಗಿ ಹರಡಿದ್ದು ಹಣ್ಣಿನಿಂದಲ್ಲ, ರೋಗಿಯ ಹತ್ತಿರ ಇದ್ದವರಿಗೆ, ಆಸ್ಪತ್ರೆಯ ವಾರ್ಡು, ಕಾರಿಡಾರ್‌ಗಳಲ್ಲಿ. ಬೇಡದ್ದಕ್ಕೆ ಹೆದರಿ ಬೇಕಾದ್ದನ್ನು ಮರೆಯುವುದು ನಮಗೆ ಆಗಿನಿಂದಲೇ ಅಭ್ಯಾಸ. ಅಂದು ಅದು ಬೇಗ ನಿಂತದ್ದು ಹೇಗೆ? ರೋಗಿಯ ಸಂಪರ್ಕಕ್ಕೆ ಬಂದ ಪ್ರತಿಯೊಬ್ಬರನ್ನೂ ಹುಡುಕಿ, ಪ್ರತ್ಯೇಕ ಇರಿಸಿ, ದಿನವೂ ವಿಚಾರಿಸಿದ್ದರಿಂದ. ಯಾರೂ ಮುಚ್ಚಿಡದೆ ಇದ್ದರೆ ಮಾತ್ರ ಈ ಕೆಲಸ ಆಗುತ್ತದೆ.

ಮುಚ್ಚಿಡುವುದು ಏಕೆ?

ನಾವು ಮುಚ್ಚಿಡುತ್ತೇವೆ. ಅದಕ್ಕೆ ಕಾರಣವೂ ಇಲ್ಲದೆ ಇಲ್ಲ. 2020ರ ಏಪ್ರಿಲ್‌ನಲ್ಲಿ ಒಂದು ರೋಗಕ್ಕೆ ಒಂದು ಸಮುದಾಯದ ಹೆಸರಿಟ್ಟು ಟಿ.ವಿ.ಗಳಲ್ಲಿ ಕೂಗಾಡಿದ್ದನ್ನು ನಾವು ಮರೆತಿಲ್ಲ. ತರಕಾರಿ ಗಾಡಿಯವನ ಹೆಸರು ಕೇಳಿ ಹಿಂದಕ್ಕೆ ಕಳಿಸಿದವರಿದ್ದರು. ಬಾಗಿಲಿಗೆ ಅಂಟಿಸಿದ ನೋಟಿಸಿನ ಫೋಟೋ ಊರಿಡೀ ತಿರುಗುತ್ತಿತ್ತು. ಆ ಅವಮಾನ ತಿಂದವರು 2021ರಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಿರುತ್ತಿದ್ದರು. ಮಗಳ ನಿಕಾಹ್ ನಿಶ್ಚಯವಾಗಿದೆ, ಮಗನ ಫ್ಲೈಟ್ ಉಂಟು, ಅಂಗಡಿ ಮುಚ್ಚಬೇಕಾಗ್ತದೆ, ಹೀಗೆ ನೂರು ಕಾರಣ. ನನಗೆ ಅದೆಲ್ಲ ಅರ್ಥವಾಗುತ್ತದೆ. ಆದರೆ ಆಗ ನಮ್ಮ ಮೇಲೆ ಬೆರಳು ತೋರಿದವರು ನಮ್ಮ ಮನೆಯ ಅಜ್ಜಿಗೆ ಆಕ್ಸಿಜನ್ ತಂದುಕೊಡುವುದಿಲ್ಲವಲ್ಲ. ಪರೀಕ್ಷೆ ಆಗ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿತ್ತು. ಜ್ವರ, ಗಂಟಲು ನೋವು, ಮೈಕೈ ನೋವು, ವಾಸನೆ ತಿಳಿಯದಿರುವುದು, 2021ರಲ್ಲಿ ಕೆಲವರಿಗೆ ಭೇದಿಯೂ. ಯಾವುದಾದರೂ ಶುರುವಾದ ದಿನವೇ ಬೇರೆ ಕೋಣೆಗೆ ಹೋಗಿ, ಮರುದಿನ ಪರೀಕ್ಷೆಗೆ ಹೋಗಿ.

ಹಿರಿಯರು ಇಂಥ ಸಮಯದಲ್ಲಿ ಹೇಗೆ ನಡೆದುಕೊಂಡರು ಎಂದು ಕೇಳುವವರಿಗೆ ಅಮ್‌ವಾಸ್ ಪ್ಲೇಗ್‌ನ ಪ್ರಸಂಗ ಗೊತ್ತೇ ಇರುತ್ತದೆ. ಖಲೀಫ ಉಮರ್ (ರ.ಅ.) ಶಾಮಿಗೆ ಹೊರಟವರು ಸರ್ಗ್ ಎಂಬಲ್ಲಿ ಮುಂದೆ ಪ್ಲೇಗ್ ಇದೆ ಎಂಬ ಸುದ್ದಿ ಕೇಳಿದರು. ಮುಹಾಜಿರ್‌ಗಳನ್ನು ಕೇಳಿದರು, ಅನ್ಸಾರ್‌ಗಳನ್ನು ಕೇಳಿದರು, ಅಭಿಪ್ರಾಯ ಒಂದಾಗಲಿಲ್ಲ. ಕೊನೆಗೆ ಖುರೈಶಿನ ಹಿರಿಯರ ಮಾತು ಕೇಳಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದ (ರ.ಅ.) ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಎಂಬ ಅರ್ಥದ ಉತ್ತರ ಕೊಟ್ಟರು. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿ (ಸ.ಅ.) ವಚನವನ್ನು ಅಬ್ದುರ್ರಹ್ಮಾನ್ ಬಿನ್ ಔಫ್ (ರ.ಅ.) ಅಲ್ಲಿಗೆ ಬಂದು ತಿಳಿಸಿದರು. ಕೇಳಿದ ಅಬೂ ಉಬೈದ ಶಾಮಿನಲ್ಲೇ ಉಳಿದು ಅದೇ ಪ್ಲೇಗ್‌ನಲ್ಲಿ ವಫಾತ್ ಆದರು. ಹಿಂದಿರುಗಿದವರೂ ಸರಿ, ಉಳಿದವರೂ ಸರಿ. ರೋಗವನ್ನು ಹೊತ್ತುಕೊಂಡು ತಿರುಗಾಡಿದವರ ಹೆಸರು ಮಾತ್ರ ಆ ಪ್ರಸಂಗದಲ್ಲಿ ಇಲ್ಲ.

ಮನೆಯಲ್ಲಿ ಒಬ್ಬರಿಗೆ ಬಂದರೆ

ಎಲ್ಲರಿಗೂ ಆಸ್ಪತ್ರೆ ಬೇಡ. ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ಗಾಳಿಯಾಡುವ ಪ್ರತ್ಯೇಕ ಕೋಣೆ, ಸಾಧ್ಯವಾದರೆ ಪ್ರತ್ಯೇಕ ಬಾತ್‌ರೂಂ, ಬೇರೆ ತಟ್ಟೆ ಲೋಟ, ನೋಡಿಕೊಳ್ಳಲು ಒಬ್ಬರೇ, ಇಬ್ಬರಿಗೂ ಮಾಸ್ಕ್. 2021ರ ಆ ಹೊತ್ತಿನ ನಿಯಮದಂತೆ ಲಕ್ಷಣ ಶುರುವಾಗಿ ಕನಿಷ್ಠ 10 ದಿನ, ಅದರಲ್ಲಿ ಕೊನೆಯ 3 ದಿನ ಜ್ವರ ಇರಬಾರದಿತ್ತು. ಎರಡು ಕೋಣೆಯ ಮನೆಯಲ್ಲಿ ಎಂಟು ಮಂದಿ ಇರುವವರಿಗೆ ಇದು ಹೇಗೆ ಸಾಧ್ಯ ಎಂದು ಕೇಳಿದರೆ, ಆಗ ಅವರಿಗೇ ಕೋವಿಡ್ ಕೇರ್ ಸೆಂಟರ್ ಇದ್ದದ್ದು. ಅಲ್ಲಿಗೆ ಹೋಗುವುದು ಜೈಲಿಗೆ ಹೋದ ಹಾಗಿರಲಿಲ್ಲ.

ಪಲ್ಸ್ ಆಕ್ಸಿಮೀಟರ್ ಎಂಬ ಸಣ್ಣ ಯಂತ್ರ 2021ರಲ್ಲಿ ಮೊಬೈಲಿನಷ್ಟೇ ಅಗತ್ಯವಾಗಿತ್ತು. ಪ್ರತಿ ಮನೆಗೆ ಸಿಗುವ ಹಾಗಿರಲಿಲ್ಲ, ಬೆಲೆ ಏರಿತ್ತು. ಒಂದು ಮೊಹಲ್ಲಾಕ್ಕೆ ಎರಡು ಮೂರು ಇದ್ದರೂ ಸಾಕು, ಒರೆಸಿ ಒರೆಸಿ ಬಳಸಬಹುದು. ಬೆರಳಲ್ಲಿ ಮೆಹಂದಿ, ನೇಲ್ ಪಾಲಿಶ್ ಇದ್ದರೆ ಅದು ಸರಿಯಾಗಿ ತೋರಿಸದೆ ಇರಬಹುದು. ಪೆರ್ನಾಲ್ ವಾರದಲ್ಲಿ ಇದು ನೆನಪಿರಲಿ. ಬೆಳಗ್ಗೆ, ಸಂಜೆ ನೋಡಿ ಬರೆದಿಡಿ. ಆರು ನಿಮಿಷ ಕೋಣೆಯಲ್ಲೇ ನಡೆದು ಮತ್ತೆ ನೋಡಿ. 94ಕ್ಕಿಂತ ಕೆಳಗೆ ಬಂದರೆ ಅಥವಾ ಮಾತಾಡುವಾಗ ಉಸಿರು ಸಾಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಈ ರೋಗದಲ್ಲಿ ಕೆಲವರಿಗೆ ಆಕ್ಸಿಜನ್ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ, ನಗುತ್ತಾ ಮಾತಾಡುತ್ತಿರುತ್ತಾರೆ. ಬೆಡ್ ಸಿಗುವವರೆಗೆ ಹೊಟ್ಟೆಯ ಮೇಲೆ ಮಲಗಿಸಿದರೆ ಸ್ವಲ್ಪ ಸಹಾಯವಾಗುತ್ತದೆ. 2021ರಲ್ಲಿ ಆಂಬುಲೆನ್ಸ್‌ಗೆ 108, ಆರೋಗ್ಯ ಸಹಾಯವಾಣಿ 104, ಜಿಲ್ಲಾ ಕಂಟ್ರೋಲ್ ರೂಂ 1077 ಇದ್ದವು.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಯಾರಿಗೋ ಬರೆದುಕೊಟ್ಟ ಚೀಟಿಯ ಫೋಟೋ ನೋಡಿ ಮೆಡಿಕಲ್‌ನಿಂದ ಸ್ಟಿರಾಯ್ಡ್ ಮಾತ್ರೆ ತರುವವರಿದ್ದಾರೆ. ಅದು ಜೀವ ಉಳಿಸುವ ಔಷಧ ಹೌದು, ಆದರೆ ಆಕ್ಸಿಜನ್ ಬೇಕಾದವರಿಗೆ. ಮೊದಲ ದಿನದ ಜ್ವರಕ್ಕೆ ನುಂಗಿದರೆ ದೇಹದ ಹೋರಾಟವನ್ನೇ ಕುಗ್ಗಿಸುತ್ತದೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ವಿಪರೀತ ಏರುತ್ತದೆ. ವೈದ್ಯರು ಹೇಳದೆ ಬೇಡ.

ಸೋಂಕಿದ್ದೂ ಉಪವಾಸ ಹಿಡಿದವರನ್ನು ನೋಡಿದ್ದೇನೆ. ರೋಗಿಗೆ ರಿಯಾಯಿತಿ ಕೊಟ್ಟದ್ದು ಕುರ್‌ಆನ್. ಗುಣವಾದ ಮೇಲೆ ಖಝಾ ತೀರಿಸಬಹುದು. ಈ ಜ್ವರದಲ್ಲಿ ಮೈಯ ನೀರು ಆರುತ್ತದೆ, ಗಂಜಿ, ಬೊಂಡ, ನೀರು ಗಂಟೆಗಂಟೆಗೆ ಬೇಕು. ಲಸಿಕೆಯ ಸೂಜಿಯಿಂದ ಉಪವಾಸ ಮುರಿಯುವುದಿಲ್ಲ ಎಂದು ಸೌದಿಯ ಗ್ರ್ಯಾಂಡ್ ಮುಫ್ತಿಯಿಂದ ಹಿಡಿದು ನಮ್ಮ ದೇಶದ ಹಲವು ಉಲಮಾಗಳವರೆಗೆ ಸ್ಪಷ್ಟಪಡಿಸಿದ್ದಾರೆ. ಆದರೂ ‘ಪೆರ್ನಾಲ್ ಕಳೀಲಿ’ ಅಂತ ಕಾದವರಿಗೆ 2021ರ ಮೇ ತಿಂಗಳಲ್ಲಿ ಡೋಸ್ ಸಿಗುವುದೇ ಕಷ್ಟವಾಗಿತ್ತು. ಸಿಕ್ಕಿದ ದಿನ ಬಿಡುವ ಹಾಗಿರಲಿಲ್ಲ.

ಗಲ್ಫ್‌ನವರು, ಮದುವೆಗಳು

ರಜೆಗೆ ಬಂದವರ ಸಂಕಟ ಬೇರೆ. 2021ರ ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದಿಂದ ಬರುವ ಪ್ರಯಾಣಿಕರಿಗೆ ಬಾಗಿಲು ಹಾಕಿತ್ತು, ಒಮಾನ್ ಕೂಡ. ಸೌದಿಗೆ ನೇರ ಪ್ರಯಾಣ ಆ ವರ್ಷದ ಫೆಬ್ರವರಿಯಿಂದಲೇ ಇರಲಿಲ್ಲ. ಒಂದು ತಿಂಗಳ ರಜೆಯಲ್ಲಿ ಬಂದ ನಮ್ಮ ಹುಡುಗರು ವೀಸಾದ ದಿನ ಎಣಿಸುತ್ತಾ ಕುಳಿತಿದ್ದರು. ಸಿಕ್ಕಿಬಿದ್ದ ಬೇಸರಕ್ಕೆ ‘ಹೇಗೂ ಊರಲ್ಲಿದ್ದೇನಲ್ಲ, ಮದುವೆಯೊಂದು ಮುಗಿಸಿಬಿಡುವ’ ಎಂಬ ಮಾತು ಹಲವು ಮನೆಗಳಲ್ಲಿ ನಡೆಯುತ್ತಿತ್ತು. ಶವ್ವಾಲ್ ನಮ್ಮಲ್ಲಿ ಮದುವೆಯ ಕಾಲ ಬೇರೆ. ನಿಕಾಹ್‌ಗೆ ವಲಿ, ಇಬ್ಬರು ಸಾಕ್ಷಿ, ವರ, ಉಸ್ತಾದರು ಸಾಕು. 50 ಎಂಬ ಮಿತಿಯೂ ನಮಗೆ ದೊಡ್ಡದೇ ಆಗಿತ್ತು. ಆದರೆ ನಡೆಯುತ್ತಿದ್ದದ್ದು ಹೀಗೆ: ನಿಕಾಹ್‌ಗೆ 20 ಮಂದಿ, ಆಮೇಲೆ ಹೆಣ್ಣಿನ ಮನೆಯಲ್ಲಿ ಬ್ಯಾಚ್ ಬ್ಯಾಚ್ ಆಗಿ ಬಿರಿಯಾನಿ. ಪ್ರತಿ ಬ್ಯಾಚ್‌ನಲ್ಲೂ 50 ಮಂದಿಯೇ, ಲೆಕ್ಕ ತಪ್ಪಲಿಲ್ಲ! ಬಡಿಸುವ ಹುಡುಗರು ಮಾತ್ರ ಎಲ್ಲ ಬ್ಯಾಚ್‌ಗೂ ಅವರೇ.

ಸರಳ ಮದುವೆಯ ಬಗ್ಗೆ ಇಪ್ಪತ್ತು ವರ್ಷದಿಂದ ಭಾಷಣ ಕೇಳುತ್ತಿದ್ದೇವೆ. 2020ರಲ್ಲಿ ಹದಿನೈದು ಮಂದಿಯಲ್ಲಿ ಮದುವೆ ಮುಗಿಸಿದ ಒಬ್ಬ ತಂದೆ ನನ್ನ ಹತ್ತಿರ ಹೇಳಿದ್ದರು, “ಸಾಲ ಇಲ್ಲದೆ ಮಗಳನ್ನು ಕಳಿಸಿದ್ದು ನಮ್ಮ ಕುಟುಂಬದಲ್ಲಿ ನಾನೇ ಮೊದಲು.” ಹಾಗೆ ಹೇಳುವಾಗ ಅವರ ಮುಖದಲ್ಲಿ ನಾಚಿಕೆಯೂ ಇತ್ತು, ಸಮಾಧಾನವೂ ಇತ್ತು.

ಮಾಮಿಯ ಫೋನಿಗೆ ಬರುತ್ತೇನೆ. ಬರುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಪೆರ್ನಾಲ್ ದಿನ ವೀಡಿಯೋ ಕಾಲ್ ಮಾಡು, ಆದರೆ ನಮಾಝ್ ಆದ ಕೂಡಲೇ ಮಾಡಬೇಡ, ನಾನು ಅಡುಗೆಮನೆಯಲ್ಲಿ ಇರ್ತೇನೆ” ಅಂದರು. ಇಬ್ಬರಿಗೆ ಅಡುಗೆ, ಅದಕ್ಕೂ ಅಷ್ಟು ಗಡಿಬಿಡಿ. ಮಕ್ಕಳ ಪೆರ್ನಾಲ್ ಕಾಸನ್ನು ಯಾರಿಗೆ ಎಷ್ಟು ಅಂತ ಹೆಸರು ಬರೆದು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದಾರಂತೆ, ಹೋದ ವರ್ಷದ್ದೂ ಹಾಗೆಯೇ ಉಂಟಂತೆ.